ಚರ್ಮದ ಹೊಳಪಿಗೆ ಗ್ರೀನ್ ಟೀ ಕ್ಯಾಪ್ಸೂಲ್ ನುಂಗುತ್ತಿದ್ದೀರಾ? ದಯವಿಟ್ಟು ಇದನ್ನು ಓದಿ

ತಂಗಿಯ ಅರಿಶಿನ ಶಾಸ್ತ್ರ ಮುಗಿದ ಮರುದಿನ ಎಲ್ಲರ ಕೈ, ಮುಖಗಳ ಹಳದಿ ತೊಳೆದು ಹೋಯಿತು. ನನ್ನದು ಹೋಗಲಿಲ್ಲ. ಹಿತ್ತಲಲ್ಲಿ ಅತ್ತಿಗೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಜಗ್ಗಿ ನೋಡಿದರು. "ಇದು ಅರಿಶಿನವಲ್ಲ, ನಿನ್ನ ಕಣ್ಣೇ ಹಳದಿಯಾಗಿದೆ" ಎಂದರು.

ಎರಡು ವರ್ಷಗಳಿಂದ ನನ್ನ ಕೆನ್ನೆಗಳ ಮೇಲೆ ಬಂಗು. ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಲೆಕ್ಕ ಬರೆದುಕೊಡುವ ಕೆಲಸ ನನ್ನದು. ನಡುಮಧ್ಯಾಹ್ನ ಸ್ಕೂಟರಿನಲ್ಲಿ ಓಡಾಡಲೇಬೇಕು. ನಮ್ಮೂರಿನ ಬಿಸಿಲು ಕಂಡವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ಮದುವೆಗೆ ಮೂರು ತಿಂಗಳಿರುವಾಗ ಪರಿಚಯದ ಮಹಿಳೆಯೊಬ್ಬರು ಹಸಿರು ಡಬ್ಬಿಯೊಂದನ್ನು ಕೊಟ್ಟರು. ಗ್ರೀನ್ ಟೀ ಸಾರದ ಕ್ಯಾಪ್ಸೂಲ್. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಎರಡು ನುಂಗಿದರೆ ರಕ್ತ ಶುದ್ಧಿಯಾಗಿ ಮುಖ ತಿಳಿಯಾಗುತ್ತದೆ ಎಂದರು. ಎಲೆಯಿಂದ ಮಾಡಿದ್ದು, ಏನೂ ಆಗುವುದಿಲ್ಲ ಎಂದರು. ನಂಬಿದೆ. ದಿನವೂ ಕುಡಿಯುವ ಚಹಾದ ಒಂದು ಬಗೆ ತಾನೆ ಎಂದುಕೊಂಡೆ.

ಎಂಟನೆಯ ವಾರದಿಂದ ಸುಸ್ತು. ಅನ್ನ ಬೇಯುವ ವಾಸನೆ ಬಂದರೂ ಹೊಟ್ಟೆ ತೊಳಸುತ್ತಿತ್ತು. ಮದುವೆಯ ಓಡಾಟ ಎಂದು ಸಮಾಧಾನ ಮಾಡಿಕೊಂಡೆ. ಮೂತ್ರ ಕಡು ಬಣ್ಣಕ್ಕೆ ತಿರುಗಿದಾಗ ಬಿಸಿಲಿನ ಮೇಲೆ ತಪ್ಪು ಹೊರಿಸಿ ಇನ್ನೊಂದು ತಂಬಿಗೆ ನೀರು ಕುಡಿದೆ. ರಾತ್ರಿ ಅಂಗೈ, ಅಂಗಾಲು ಕೆರೆದುಕೊಂಡು ನಿದ್ದೆ ಕೆಡುತ್ತಿತ್ತು. ಡಬ್ಬಿಯ ನೆನಪು ಒಮ್ಮೆಯೂ ಬರಲಿಲ್ಲ; ಒಂದು ದಿನವೂ ತಪ್ಪಿಸದೆ ನುಂಗುತ್ತಲೇ ಇದ್ದೆ.

ಕಾಮಾಲೆ ಎಂದ ಕೂಡಲೇ ಅವ್ವ ಸಿರುಗುಪ್ಪದ ಕಡೆಯ ಹಳ್ಳಿಗೆ ಹೋಗಿ ಸೊಪ್ಪಿನ ರಸ ಹಾಕಿಸಿಕೊಂಡು ಬರೋಣ ಎಂದು ಹಟ ಹಿಡಿದಳು. ಅತ್ತಿಗೆ ಕೇಳಲಿಲ್ಲ, ಆಸ್ಪತ್ರೆಗೇ ಕರೆದೊಯ್ದರು. ಅವರ ಆ ಹಟದ ಋಣ ನನ್ನ ಮೇಲಿದೆ. ಕಣ್ಣು, ಚರ್ಮವನ್ನು ಹಳದಿಯಾಗಿಸುವ ಬಿಲಿರುಬಿನ್ ಸುಮಾರು 1ರ ಒಳಗಿರಬೇಕು, ನನಗೆ 9 ಇತ್ತು. ಲಿವರ್‌ಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಕಿಣ್ವ ಎಸ್‌ಜಿಪಿಟಿ 40ರ ಆಸುಪಾಸಿನಲ್ಲಿ ಇರಬೇಕು, ಅದು 1,100 ದಾಟಿತ್ತು. ಹೆಪಟೈಟಿಸ್ ಎ, ಬಿ, ಸಿ, ಇ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ.

"ಬೇರೆ ಯಾವ ಔಷಧವನ್ನಾದರೂ ತೆಗೆದುಕೊಳ್ಳುತ್ತಿದ್ದೀರಾ ಅಮ್ಮಾ?" ಎಂದು ವೈದ್ಯರು ಕೇಳಿದರು. "ಇಲ್ಲ ಸರ್" ಎಂದೆ. ಮುಚ್ಚಿಡಬೇಕೆಂದು ಹಾಗೆ ಹೇಳಿದ್ದಲ್ಲ. ಅದು ಔಷಧವೆಂದು ನನಗೆ ಹೊಳೆದೇ ಇರಲಿಲ್ಲ. ಮರುದಿನ ಅವರು ಪ್ರಶ್ನೆ ಬದಲಿಸಿದರು: "ಕೂದಲಿಗೆ, ತೂಕಕ್ಕೆ, ಚರ್ಮಕ್ಕೆ ಅಂತ ಪುಡಿ, ಕಷಾಯ, ಕ್ಯಾಪ್ಸೂಲ್ ಏನಾದರೂ?" ಆಗ ಬಾಯಿ ಬಿಟ್ಟೆ. ಅತ್ತಿಗೆ ಆಟೋ ಹಿಡಿದು ಮನೆಗೆ ಹೋಗಿ ಡಬ್ಬಿ ತಂದರು. ಅದರ ಹಿಂಬದಿಯ ಸಣ್ಣಕ್ಷರಗಳಲ್ಲಿ ಎರಡು ಕ್ಯಾಪ್ಸೂಲಿಗೆ 900 ಮಿಲಿಗ್ರಾಂ ಇಜಿಸಿಜಿ ಎಂದು ಬರೆದಿತ್ತು.

ಇಜಿಸಿಜಿ ಎನ್ನುವುದು ಗ್ರೀನ್ ಟೀಯಲ್ಲಿ ಸಹಜವಾಗಿಯೇ ಇರುವ ಕ್ಯಾಟೆಚಿನ್ ವರ್ಗದ ವಸ್ತು. ಒಂದು ಲೋಟ ಗ್ರೀನ್ ಟೀಯಲ್ಲಿ ಸುಮಾರು 50ರಿಂದ 100 ಮಿಲಿಗ್ರಾಂ ಇರುತ್ತದೆ. ಲೋಟದಲ್ಲಿ ದಿನವಿಡೀ ಗುಟುಕು ಗುಟುಕಾಗಿ ಇಳಿಯುವುದು ಬೇರೆ, ಹತ್ತು ಲೋಟದಷ್ಟನ್ನು ಬರಿಹೊಟ್ಟೆಯಲ್ಲಿ ಒಂದೇ ಸಲ ನುಂಗುವುದು ಬೇರೆ. ಖಾಲಿ ಹೊಟ್ಟೆಯಲ್ಲಿ ಅದು ರಕ್ತಕ್ಕೆ ಸೇರುವುದೂ ಹೆಚ್ಚು. ದಿನಕ್ಕೆ 800 ಮಿಲಿಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಪ್ರಮಾಣದ ಪೂರಕಗಳಿಂದ ಲಿವರ್ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿದೆ. 2022ರಿಂದ ಅಲ್ಲಿ ಮಾರುವ ಇಂಥ ಡಬ್ಬಿಗಳ ಮೇಲೆ ಖಾಲಿ ಹೊಟ್ಟೆಯಲ್ಲಿ ಸೇವಿಸಬಾರದು ಎಂದು ಬರೆಯುವುದು ಕಡ್ಡಾಯ. ನನಗೆ ಸಿಕ್ಕ ಸಲಹೆ ಇದಕ್ಕೆ ತೀರಾ ವಿರುದ್ಧವಾಗಿತ್ತು. ನುಂಗಿದವರಿಗೆಲ್ಲ ಹೀಗಾಗುವುದಿಲ್ಲ, ಅನುವಂಶೀಯ ಕಾರಣದಿಂದ ಕೆಲವರಿಗೆ ಅಪಾಯ ಹೆಚ್ಚು. ಆದರೆ ಆ ಕೆಲವರಲ್ಲಿ ನೀವು ಇದ್ದೀರೋ ಇಲ್ಲವೋ ಎಂಬುದು ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ಕ್ಯಾಪ್ಸೂಲ್ ನಿಲ್ಲಿಸಿದ್ದೇ ಮುಖ್ಯ ಚಿಕಿತ್ಸೆಯಾಯಿತು. ಆರು ದಿನ ಆಸ್ಪತ್ರೆಯಲ್ಲಿದ್ದೆ. ಲಿವರ್ ಇನ್ನಷ್ಟು ಕೆಡುತ್ತಿದೆಯೇ ಎಂದು ತಿಳಿಯಲು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮತ್ತೆ ಮತ್ತೆ ಮಾಡುತ್ತಿದ್ದರು. ತಾಳಿ ಕಟ್ಟುವ ಹೊತ್ತನ್ನು ತಮ್ಮನ ಮೊಬೈಲಿನಲ್ಲಿ, ಸಲೈನ್ ಹಾಕಿದ ಕೈಯನ್ನು ಹೊದಿಕೆಯ ಅಡಿ ಬಚ್ಚಿಟ್ಟುಕೊಂಡು ನೋಡಿದೆ. ಕಣ್ಣು ಬೆಳ್ಳಗಾಗಲು ಎರಡು ತಿಂಗಳು ಹಿಡಿಯಿತು. ಬಂಗು ಇದ್ದ ಹಾಗೆಯೇ ಇದೆ. ಚರ್ಮ ವೈದ್ಯರು ಈಗ ಸನ್‌ಸ್ಕ್ರೀನ್ ಕೊಟ್ಟು, ಮಧ್ಯಾಹ್ನ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ ಹೊರಬೀಳಬೇಡಿ ಎಂದಿದ್ದಾರೆ.

ಗ್ರೀನ್ ಟೀ ಕುಡಿಯುವವರನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ನನ್ನ ಭಯವೆಲ್ಲ ಕ್ಯಾಪ್ಸೂಲಿನದು. ನುಂಗುತ್ತಿರುವವರಿಗೆ ಸುಸ್ತು, ವಾಕರಿಕೆ, ತುರಿಕೆ, ಮೂತ್ರದ ಕಡು ಬಣ್ಣ ಇವುಗಳಲ್ಲಿ ಒಂದು ಕಂಡರೂ ಇಂದೇ ನಿಲ್ಲಿಸಿ, ಡಬ್ಬಿಯನ್ನೇ ಕೈಯಲ್ಲಿ ಹಿಡಿದು ವೈದ್ಯರ ಬಳಿ ಹೋಗಿ. ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳ ಕೈಯಲ್ಲಿ ಅದೇ ಹಸಿರು ಡಬ್ಬಿ ಕಂಡೆ. ಐದು ವಾರಗಳಿಂದ ನುಂಗುತ್ತಿದ್ದಾಳಂತೆ, ಊಟ ಸೇರುತ್ತಿಲ್ಲವಂತೆ. ನಾಳೆ ಬೆಳಿಗ್ಗೆ ಅವಳನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇನೆ.