ಸರ್ವೋ ಕಾಲೋ, ಕ್ಲಾನ್ ಕಾಲೋ? ನಡೆಯುವ ರೋಬೋ ಕಟ್ಟಿಸಿದ ಮೇಲೆ ಒಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕ್ಲಾನ್ ಕಾಲಿಗೆ, ಅಂದರೆ ಮೋಟರಿನ ಸುತ್ತನ್ನು ಕೀಲು ಹಾಕಿದ ಪಟ್ಟಿಗಳಿಂದಲೇ ಹೆಜ್ಜೆಯಾಗಿ ಮಾಡುವ ಕಾಲಿಗೆ. ಹನ್ನೆರಡು ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಚಿಕ್ಕ ಮೋಟರ್) ಕೂರಿಸಿದ ನಾಲ್ಕು ಕಾಲಿನ ರೋಬೋ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಎರಡನೇ ವರ್ಷದ ಮಕ್ಕಳು, ಮುಂದಿನ ತಿಂಗಳೇ ಸ್ಪರ್ಧೆ, ಜೇಬಿನಲ್ಲಿ ಚಂದಾ ಎತ್ತಿದ ದುಡ್ಡು ಅಂದರೆ ಎರಡನೇ ಯೋಚನೆ ಇಲ್ಲದೆ ಕ್ಲಾನ್ ಕಟ್ಟಿ ಅನ್ನುತ್ತೇನೆ. ಎರಡನ್ನೂ ಒಂದೇ ಲ್ಯಾಬಿನಲ್ಲಿ, ಅಕ್ಕಪಕ್ಕದ ಬೆಂಚಿನ ಮೇಲೆ ಎರಡು ತಂಡಗಳಿಂದ ಕಟ್ಟಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ನಾವು ಹೋದ ಸ್ಪರ್ಧೆ ಒಂದು ಕಾಲೇಜು ಫೆಸ್ಟಿನದು. ನಿಯಮ ಸರಳ. ಚಕ್ರ ಇರಬಾರದು, ನೆಲ ಮುಟ್ಟುವ ಭಾಗ ಎತ್ತಿ ಇಡುವ ಕಾಲೇ ಆಗಿರಬೇಕು, ದಾರಿಯಲ್ಲಿ ಒಂದೆರಡು ಮರದ ಪಟ್ಟಿ ಅಡ್ಡ ಇರುತ್ತವೆ, ಬೇಗ ಮುಟ್ಟಿದವರು ಗೆದ್ದರು. ದೊಡ್ಡ ಮಟ್ಟದಲ್ಲಿ ಇಂಥದ್ದನ್ನು ನೋಡಬೇಕು ಅಂದರೆ ಏಷ್ಯಾ-ಪೆಸಿಫಿಕ್ ದೇಶಗಳ ಕಾಲೇಜು ತಂಡಗಳ ಸ್ಪರ್ಧೆಯಾದ ಎಬಿಯು ರೋಬೋಕಾನ್‌ನ 2019ರ ವಿಡಿಯೊಗಳನ್ನು ಹುಡುಕಿ. ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ ನಡೆದಿತ್ತು. ಹಳೇ ಕಾಲದ ಕುದುರೆ ಅಂಚೆಯನ್ನು ಆಟವಾಗಿ ಮಾಡಿದ್ದರು. ಪ್ರತಿ ತಂಡದ ಎರಡನೇ ರೋಬೋ ನಾಲ್ಕು ಕಾಲಿನಲ್ಲೇ ನಡೆಯಬೇಕಿತ್ತು. ಅದನ್ನು ನೋಡಿಯೇ ನಮ್ಮ ಮಕ್ಕಳ ತಲೆಗೆ ಸರ್ವೋ ಹೊಕ್ಕಿದ್ದು.

ಸರ್ವೋ ತಂಡದ ಕಥೆ ಮೊದಲು. ಕಾಲಿಗೆ ಮೂರು ಕೀಲು, ನಾಲ್ಕು ಕಾಲು, ಒಟ್ಟು ಹನ್ನೆರಡು ಎಂಜಿ996ಆರ್ ಸರ್ವೋ. ಚಿಕ್ಕ ನೀಲಿ ಎಸ್‌ಜಿ90 ಸಾಲದು. ಅದರ ತಿರುಗಿಸುವ ಬಲ 1.8 ಕೆಜಿ-ಸೆಂಮೀ (ಶಾಫ್ಟಿನಿಂದ ಒಂದು ಸೆಂಮೀ ದೂರದಲ್ಲಿ 1.8 ಕೆಜಿ) ಆಸುಪಾಸು, ಹಲ್ಲು ಪ್ಲಾಸ್ಟಿಕ್. ಬ್ಯಾಟರಿ ಹೊತ್ತ ರೋಬೋ ಎದ್ದು ನಿಲ್ಲುವುದರೊಳಗೇ ಅದರ ಗಿಯರ್ ಕಟಕಟ ಅನ್ನುತ್ತದೆ. ಎಂಜಿ996ಆರ್‌ಗೆ 6 ವೋಲ್ಟಿನಲ್ಲಿ 11 ಕೆಜಿ-ಸೆಂಮೀ ಅಂತ ಬರೆದಿರುತ್ತಾರೆ. ಬರೆದಿರುತ್ತಾರೆ ಅಷ್ಟೇ. ಪೇಟೆಯಲ್ಲಿ ಸಿಗೋದು ಬಹುಪಾಲು ನಕಲು. ನಾವು ಒಂದೇ ಅಂಗಡಿಯಿಂದ ಒಂದೇ ಬಿಲ್ಲಿನಲ್ಲಿ ತರಿಸಿದ ಹನ್ನೆರಡರಲ್ಲಿ ಮೂರು ತರದ ಸದ್ದು ಮಾಡುವವು ಇದ್ದವು.

ಈಗ ನನ್ನ ತಲೆ ತಿಂದ ವಿಷಯಕ್ಕೆ ಬರುತ್ತೇನೆ. ಬಲ ಅಲ್ಲ, ಕೋಡ್ ಅಲ್ಲ. ಹಾರ್ನ್.

ಸರ್ವೋ ಶಾಫ್ಟಿನ ಮೇಲೆ ಕೂರುವ ಆ ಚಿಕ್ಕ ತೋಳಿಗೆ ಹಾರ್ನ್ ಅನ್ನುತ್ತಾರೆ. ಈ ಸರ್ವೋದ ಶಾಫ್ಟಿಗೆ 25 ಹಲ್ಲು. ಅಂದರೆ ಹಾರ್ನನ್ನು ತೆಗೆದು ಒಂದು ಹಲ್ಲು ಪಕ್ಕಕ್ಕೆ ಕೂರಿಸಿದರೆ 14.4 ಡಿಗ್ರಿ ತಿರುಗುತ್ತದೆ. ನಡುವೆ ಎಲ್ಲೂ ನಿಲ್ಲಿಸಲು ಬರುವುದಿಲ್ಲ. ಸರ್ವೋಗೆ ನಡುಮಧ್ಯಕ್ಕೆ ಬಾ ಅಂತ 1500 ಮೈಕ್ರೊಸೆಕೆಂಡಿನ ಸಿಗ್ನಲ್ ಕೊಟ್ಟು, ಹಾರ್ನ್ ನೆಟ್ಟಗೆ ಕೂರಿಸಲು ಹೋದರೆ ಅದು 7 ಡಿಗ್ರಿವರೆಗೂ ಆಚೆ ಈಚೆ ಇರಬಹುದು. ಮೊಣಕಾಲಿನಿಂದ ಪಾದಕ್ಕೆ 10 ಸೆಂಮೀ ಇದ್ದರೆ, ಆ 7 ಡಿಗ್ರಿಗೆ ಪಾದ ಒಂದೂಕಾಲು ಸೆಂಮೀ ಸರಿದಿರುತ್ತದೆ. ಇದು ಒಂದು ಕೀಲಿನ ಲೆಕ್ಕ. ಒಂದು ಕಾಲಿಗೆ ಇಂಥವು ಮೂರು. ಸಾಲದ್ದಕ್ಕೆ ನಕಲು ಸರ್ವೋಗಳ ನಡುಮಧ್ಯವೇ ಒಂದೊಂದರದು ಒಂದೊಂದು ಕಡೆ.

ಪರಿಣಾಮ ಏನು? ಮಕ್ಕಳು ಪಿಯುಸಿಯಲ್ಲಿ ಕಲಿತ ಕೊಸೈನ್ ನಿಯಮ ಹಾಕಿ, ಪಾದ ಎಲ್ಲಿಡಬೇಕು ಅಂದರೆ ಕೀಲು ಎಷ್ಟು ಬಾಗಬೇಕು ಅಂತ ಸರಿಯಾಗಿಯೇ ಲೆಕ್ಕ ಮಾಡಿದ್ದರು. ಲೆಕ್ಕ ತಪ್ಪಿರಲಿಲ್ಲ. ಆದರೆ ರೋಬೋ ನಿಂತರೆ ಒಂದು ಕಾಲು ಗಾಳಿಯಲ್ಲಿ. ನಾಲ್ಕು ಕಾಲಿನ ರೋಬೋ ತೆವಳು ನಡಿಗೆಯಲ್ಲಿ ಒಂದು ಕಾಲು ಎತ್ತಿದಾಗ, ಉಳಿದ ಮೂರು ಪಾದಗಳ ತ್ರಿಕೋನದೊಳಗೆ ಭಾರದ ಕೇಂದ್ರ ಬರಬೇಕು, ಇಲ್ಲವಾದರೆ ಮಗುಚುತ್ತದೆ. ಆ ಮೂರರಲ್ಲಿ ಒಂದು ಮೊದಲೇ ನೆಲ ಬಿಟ್ಟಿದ್ದರೆ ಇನ್ನೇನು ಗತಿ? "ಮೇಡಂ, ಕೋಡ್ ಸರಿ ಇದೆ, ಕಾಲೇ ಸರಿ ಇಲ್ಲ" ಅಂತ ಒಬ್ಬಳು, "ಕಾಲು ಸರಿ ಇದೆ, ನಿನ್ನ ಕೋಡೇ ಸರಿ ಇಲ್ಲ" ಅಂತ ಇನ್ನೊಬ್ಬ. ಇಬ್ಬರೂ ಸರಿ. ಜಗಳ ಬಿಡಿಸೋದು ನನ್ನ ಕೆಲಸ.

ದಾರಿ ಇದೆ. ಪ್ರತಿ ಸರ್ವೋಗೂ ಒಂದು ತಿದ್ದುಪಡಿ ಅಂಕಿ ಇಟ್ಟುಕೊಂಡು ಕೋಡಿನಲ್ಲಿ ಸೇರಿಸಬೇಕು. ರೋಬೋವನ್ನು ತಲೆಕೆಳಗಾಗಿ ಮಲಗಿಸಿ, ಕೋನಮಾಪಕ ಹಿಡಿದು, ಒಂದೊಂದೇ ಕೀಲನ್ನು 90ಕ್ಕೆ ತಂದು ಅಂಕಿ ಬರೆದುಕೊಳ್ಳುವುದು. ಹನ್ನೆರಡು ಅಂಕಿ. ನಾವು ಅದನ್ನೂ ಮಾಡಿದೆವು, ರೋಬೋ ನೆಟ್ಟಗೆ ನಿಂತಿತು, ಸಿಹಿ ಹಂಚಿದರು. ಆಮೇಲೆ ಒಂದು ಸರ್ವೋದ ಹಲ್ಲು ಸವೆದು ಬದಲಿಸಬೇಕಾಯಿತು. ಹೊಸದಕ್ಕೆ ಹೊಸ ಅಂಕಿ. ಇನ್ನೊಂದು ದಿನ ಸರ್ವೋಗಳಿಗೆಲ್ಲ ಸಿಗ್ನಲ್ ಕೊಡುವ ಪಿಸಿಎ9685 ಬೋರ್ಡೇ ಸುಟ್ಟಿತು. ಹೊಸ ಬೋರ್ಡ್ ಹಾಕಿದರೆ ಹನ್ನೆರಡೂ ಕೀಲು ಸ್ವಲ್ಪ ಸ್ವಲ್ಪ ಕದಲಿದ್ದವು! ಆ ಚಿಪ್ಪಿನೊಳಗಿನ ಗಡಿಯಾರ 25 ಮೆಗಾಹರ್ಟ್ಸ್ ಅಂತ ಹೆಸರಿಗೆ. ಒಂದೊಂದು ಬೋರ್ಡಿನಲ್ಲಿ ಅದು ಸ್ವಲ್ಪ ಹೆಚ್ಚು ಕಡಿಮೆ ಓಡುತ್ತದೆ. ಸರ್ವೋಗೆ ಹೋಗುವ ಸಿಗ್ನಲಿನ ಅವಧಿ ಬದಲಾಗುತ್ತದೆ, ಕೋನವೂ ಬದಲಾಗುತ್ತದೆ. ಸ್ಪರ್ಧೆಯ ಬೆಳಿಗ್ಗೆ ಇದು ಆದರೆ ಯೋಚಿಸಿ. ನಮ್ಮ ತಂಡಕ್ಕೆ ಆದದ್ದು ಹೆಚ್ಚು ಕಡಿಮೆ ಹಾಗೆಯೇ. ಹಿಂಗಾಲಿನ ಒಂದು ಸರ್ವೋ ಪ್ರಾಕ್ಟೀಸಿನಲ್ಲೇ ಹೋಯಿತು. ಬದಲಿ ಸರ್ವೋ ಚೀಲದಲ್ಲಿತ್ತು, ಆದರೆ ಕೋನಮಾಪಕ ಹಿಡಿದು ಕೂರಲು ಸಮಯ ಇರಲಿಲ್ಲ. ಅಂದಾಜಿನಲ್ಲಿ ಕೂರಿಸಿ ಬಿಟ್ಟರು. ರೋಬೋ ಎಡಕ್ಕೆ ಎಳೆಯುತ್ತಾ ಗೆರೆ ದಾಟಿ ಹೊರಗೆ ಹೋಯಿತು.

ಕರೆಂಟಿನ ಕಾಟ ಬೇರೆ. ಈ ಸರ್ವೋ ಸಿಕ್ಕಿಹಾಕಿಕೊಂಡಾಗ ಒಂದೊಂದೂ 2.5 ಆಂಪಿಯರ್ ಎಳೆಯಬಲ್ಲದು. ಎಲ್ಲರ ಡಬ್ಬಿಯಲ್ಲೂ ಇರುವ, ಬ್ಯಾಟರಿಯ ವೋಲ್ಟೇಜ್ ಇಳಿಸುವ ಎಲ್‌ಎಂ2596 ಬೋರ್ಡಿನ ಮಿತಿ 3 ಆಂಪಿಯರ್. ಹನ್ನೆರಡೂ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿದು, ಕೋಡ್ ಓಡಿಸುವ ಆರ್ಡುಯಿನೊ ಬೋರ್ಡ್ ರೀಸೆಟ್. ರೀಸೆಟ್ ಆದೊಡನೆ ಕೋಡ್ ಮೊದಲಿನಿಂದ ಶುರು, ಮತ್ತೆ ಎಲ್ಲ ಕಾಲೂ ಒಟ್ಟಿಗೆ ಏಳಲು ಹೋಗುತ್ತವೆ, ಮತ್ತೆ ರೀಸೆಟ್. ಮಕ್ಕಳು ಇದನ್ನು ಕೋಡಿನ ತಪ್ಪು ಅಂದುಕೊಂಡು ರಾತ್ರಿಯೆಲ್ಲ ಹುಡುಕುತ್ತಾರೆ. ಆರ್ಡುಯಿನೊಗೆ ಬೇರೆ ಬ್ಯಾಟರಿ ಕೊಡಿ, ಎರಡರ ಗ್ರೌಂಡ್ ಮಾತ್ರ ಸೇರಿಸಿ, ಸರ್ವೋಗಳಿಗೆ ಜಾಸ್ತಿ ಆಂಪಿಯರಿನ ಬಿಇಸಿ (ಇದೂ ವೋಲ್ಟೇಜ್ ಇಳಿಸುವ ಬೋರ್ಡೇ) ಹಾಕಿ, ಕಾಲುಗಳನ್ನು ಒಂದಾದ ಮೇಲೆ ಒಂದು ಎಬ್ಬಿಸಿ. ಎಮ್ಮೆ ಎದ್ದ ಹಾಗೆ ಹಿಂದೆ ಮುಂದೆ ಅಂತ ಏಳಲಿ, ಅವಸರ ಏನಿದೆ.

ಇನ್ನು ಕ್ಲಾನ್. ಅಮೆರಿಕದ ಜೋ ಕ್ಲಾನ್ 1990ರ ದಶಕದಲ್ಲಿ ರೂಪಿಸಿದ ಕಾಲು. ಫ್ರೇಮ್ ಸೇರಿ ಆರು ಲಿಂಕು, ಅಂದರೆ ಕೀಲಿನಿಂದ ಸೇರಿಸಿದ ಪಟ್ಟಿ. ಮೋಟರ್ ತಿರುಗಿಸುವ ತೋಳು, ಅದೇ ಕ್ರ್ಯಾಂಕ್, ಒಂದು ಸುತ್ತು ಬಂದರೆ, ಅರ್ಧ ಸುತ್ತು ಪಾದ ನೆಲದ ಮೇಲೆ ಹೆಚ್ಚು ಕಡಿಮೆ ನೇರವಾಗಿ ಹಿಂದಕ್ಕೆ ಹೋಗುತ್ತದೆ. ಉಳಿದರ್ಧ ಸುತ್ತಿನಲ್ಲಿ ಮೇಲೆದ್ದು ಮುಂದಕ್ಕೆ ಬರುತ್ತದೆ. ಹಾಗಾಗಿ 180 ಡಿಗ್ರಿ ಎದುರುಬದುರು ಇರುವ ಎರಡು ಕಾಲು ಸೇರಿದರೆ ಒಂದು ಚಕ್ರದ ಕೆಲಸ. ನಮ್ಮದು ಎಂಟು ಕಾಲು, ಬದಿಗೆ ನಾಲ್ಕು, ಬದಿಗೊಂದು ಜಾನ್ಸನ್ ಗಿಯರ್ ಮೋಟರ್. ಯಾವ ಕ್ಷಣದಲ್ಲೂ ನಾಲ್ಕು ಪಾದ ನೆಲದ ಮೇಲಿರುತ್ತವೆ. ಭಾರದ ಕೇಂದ್ರ, ತ್ರಿಕೋನ, ಕೊಸೈನ್ ಯಾವುದರ ತಂಟೆಯೂ ಇಲ್ಲ. ಓಡಿಸಲು ಕೋಡೇ ಬೇಡ. ಮೋಟರನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಲು ಬರುವ ಎರಡು ಡಿಪಿಡಿಟಿ ಸ್ವಿಚ್, ಉದ್ದದ ವೈರು, 12 ವೋಲ್ಟ್. ಫೆಸ್ಟಿನವರು ವೈರ್ ರಿಮೋಟ್ ಒಪ್ಪಿದರೆ ಅಷ್ಟೇ ಸಾಕು.

ನನಗೆ ಇದು ಹಿಡಿಸಿದ ಕಾರಣ ಬೇರೆ. ಕ್ಲಾನ್ ಕಾಲಿನ ತಪ್ಪು ಕಣ್ಣಿಗೆ ಕಾಣುತ್ತದೆ. ಪಾದದ ತೂತಿಗೆ ಬಾಲ್‌ಪೆನ್ ರೀಫಿಲ್ ಸಿಕ್ಕಿಸಿ, ಪಕ್ಕದಲ್ಲಿ ಡ್ರಾಯಿಂಗ್ ಶೀಟ್ ನಿಲ್ಲಿಸಿ, ಕೈಯಿಂದಲೇ ಕ್ರ್ಯಾಂಕ್ ತಿರುಗಿಸಿ. ಪಾದದ ದಾರಿ ಕಾಗದದ ಮೇಲೆ ಮೂಡುತ್ತದೆ. ಎಂಟು ಕಾಲಿನ ಎಂಟು ಚಿತ್ರ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಯಾವ ಲಿಂಕಿನ ತೂತು ಅತ್ತಿತ್ತ ಆಗಿದೆ ಅಂತ ಗೊತ್ತಾಗುತ್ತದೆ. ಇಲ್ಲಿ ಯಾರೂ ಯಾರ ಜೊತೆಗೂ ಜಗಳ ಆಡುವುದಿಲ್ಲ, ಕಾಗದ ಹೇಳುತ್ತದೆ. ಕತ್ತರಿಸುವ ಮೊದಲು ರಟ್ಟು ಮತ್ತು ಡ್ರಾಯಿಂಗ್ ಪಿನ್ನಿನಲ್ಲಿ ಒಂದು ಕಾಲು ಮಾಡಿಸಿ. ಇದು ಬಿಡಬಾರದ ಹೆಜ್ಜೆ.

ಇನ್ನೊಂದು, ನಮ್ಮದು ಹಾಸನದ ಕಡೆ. ಸರ್ವೋ ಸುಟ್ಟರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಬೇಕು, ಇಲ್ಲ ಆನ್‌ಲೈನಿನಲ್ಲಿ ಹಾಕಿ ಕೊರಿಯರ್ ಕಾಯಬೇಕು. ಕ್ಲಾನ್ ಲಿಂಕು ಮುರಿದರೆ ನೇಮ್ ಬೋರ್ಡ್ ಮಾಡುವ ಅಂಗಡಿಗೆ ಫೈಲ್ ಕೊಟ್ಟರಾಯಿತು, ಸಂಜೆಯೊಳಗೆ ಲೇಸರಿನಲ್ಲಿ ಕತ್ತರಿಸಿ ಕೊಡುತ್ತಾರೆ. 3 ಮಿಮೀ ಅಕ್ರಿಲಿಕ್ ಬೇಡ, ತೂತಿನ ಹತ್ತಿರ ಸೀಳುತ್ತದೆ. 5 ಮಿಮೀ ಹಾಕಿ, ಇಲ್ಲವೇ ಪ್ಲೈವುಡ್. ಕೀಲಿಗೆ ಎಂ3 ಬೋಲ್ಟು, ತಾನಾಗಿ ಬಿಚ್ಚಿಕೊಳ್ಳದ ನೈಲಾಕ್ ನಟ್ಟು, ಎರಡು ಲಿಂಕಿನ ನಡುವೆ ನೈಲಾನ್ ವಾಷರ್. ನಟ್ಟನ್ನು ಪೂರ್ತಿ ಬಿಗಿ ಮಾಡಿ, ಆಮೇಲೆ ಒಂದು ಸುತ್ತಿನ ಕಾಲು ಭಾಗದಷ್ಟು ಸಡಿಲ ಮಾಡಿ. ಸಾದಾ ನಟ್ಟು ಹಾಕಿದರೆ ನಡೆಯುತ್ತಾ ನಡೆಯುತ್ತಾ ಉದುರಿಸಿಕೊಂಡು ಹೋಗುತ್ತದೆ.

ಕ್ಲಾನ್‌ಗೂ ಕಾಟ ಇಲ್ಲದಿಲ್ಲ. ಮೋಟರ್ ಶಾಫ್ಟಿಗೆ ಕ್ರ್ಯಾಂಕ್ ಹಿಡಿದಿರುವ, ತಲೆ ಇಲ್ಲದ ಚಿಕ್ಕ ಗ್ರಬ್ ಸ್ಕ್ರೂ ಜಾರುತ್ತದೆ. ಜಾರಿದರೆ ಮೋಟರ್ ತಿರುಗುತ್ತದೆ, ಕಾಲು ನಿಂತಿರುತ್ತದೆ. ಲೇತ್ ಅಂಗಡಿಯಲ್ಲಿ ಶಾಫ್ಟಿಗೆ ಅಡ್ಡ ತೂತು ಕೊರೆಸಿ ಪಿನ್ ಹಾಕಿಸಿದ ಮೇಲೆ ಆ ತೊಂದರೆ ಮುಗಿಯಿತು. ಇದಕ್ಕಿಂತ ಹೆಚ್ಚು ಬರೆಯುವಷ್ಟು ಅದರಲ್ಲಿ ಏನಿಲ್ಲ.

ಚಿಕ್ಕ ಪುಟ್ಟ ವಿಷಯಗಳು. ತಿರುಗುವುದರಲ್ಲಿ ಸರ್ವೋ ಮೇಲು, ನಿಂತಲ್ಲೇ ತಿರುಗುತ್ತದೆ. ಕ್ಲಾನ್ ಪಾದ ಉಜ್ಜಿಕೊಂಡು ತಿರುಗುತ್ತದೆ. ವೇಗದಲ್ಲಿ ಕ್ಲಾನ್ ಮುಂದೆ, ಮಾತೇ ಇಲ್ಲ. ಮೈ ಕುಲುಕುವುದು ಕ್ಲಾನ್‌ನದು ಜಾಸ್ತಿ, ಮೇಲೆ ನೀರಿನ ಲೋಟ ಇಡುವ ಸ್ಪರ್ಧೆ ಆದರೆ ಬೇಡ. ಟೈಲ್ಸ್ ನೆಲದ ಮೇಲೆ ಎರಡೂ ಜಾರುತ್ತವೆ, ಹಳೇ ಸೈಕಲ್ ಟ್ಯೂಬು ಕತ್ತರಿಸಿ ಪಾದಕ್ಕೆ ಅಂಟಿಸಿ.

ಜಾನ್ಸೆನ್ ಕಾಲು ಯಾಕೆ ಬೇಡ ಅಂತ ಕೇಳುವವರು ಇರುತ್ತಾರೆ. ಡಚ್ ಕಲಾವಿದ ಥಿಯೊ ಜಾನ್ಸೆನ್ 1990ರಿಂದ ಕಡಲತೀರದಲ್ಲಿ ಗಾಳಿಗೆ ನಡೆಯುವ ಪ್ರಾಣಿಗಳನ್ನು ಪಿವಿಸಿ ಪೈಪಿನಲ್ಲಿ ಕಟ್ಟುತ್ತಾ ಬಂದಿದ್ದಾರೆ. ಆ ನಡಿಗೆ ಎಷ್ಟು ನಯ ಅಂದರೆ ನೋಡುತ್ತಾ ಕೂರಬಹುದು. ಆದರೆ ಒಂದು ಕಾಲಿಗೆ ಕೀಲು ಜಾಸ್ತಿ, ಒಂದೊಂದು ಕೀಲಿನ ಅಲುಗಾಟ ಸೇರಿ ಸೇರಿ ಪಾದದ ಹತ್ತಿರ ದೊಡ್ಡದಾಗುತ್ತದೆ. ಪಾದ ಏಳುವ ಎತ್ತರವೂ ಕಡಿಮೆ, ಮರದ ಪಟ್ಟಿಗೆ ಎಡವುತ್ತದೆ. ರೆಡಿ ಕಿಟ್ ಬಗ್ಗೆ ಒಂದೇ ಸಾಲು: ಜೋಡಿಸುವುದನ್ನು ಕಲಿಯುತ್ತಾರೆ, ಕಟ್ಟುವುದನ್ನಲ್ಲ.

ಖರ್ಚು. ಸರ್ವೋ ಒಂದಕ್ಕೆ 300 ರೂಪಾಯಿ ಮೇಲೆಯೇ ಹಿಡಿಯಿರಿ, ಹನ್ನೆರಡು ಬೇಕು, ಬದಲಿಗೆ ಇನ್ನೆರಡು ಇಟ್ಟುಕೊಳ್ಳಲೇಬೇಕು. ಬೋರ್ಡು, ಬಿಇಸಿ, ಲಿಪೊ ಬ್ಯಾಟರಿ, ಅದಕ್ಕೆ ಚಾರ್ಜರ್ ಬೇರೆ. ನಮ್ಮ ಕ್ಲಾನ್ ಎರಡು ಮೋಟರ್, ಒಂದು ಶೀಟು, ಒಂದು ಡಬ್ಬಿ ನಟ್ಟು ಬೋಲ್ಟಿನಲ್ಲಿ ಮುಗಿಯಿತು. ಅರ್ಧಕ್ಕಿಂತ ಕಡಿಮೆ. ನಾಲ್ಕು ಮಕ್ಕಳು ಹಂಚಿಕೊಳ್ಳುವ ದುಡ್ಡು ಅಲ್ವಾ, ಅದು ನನ್ನ ತೀರ್ಮಾನದಲ್ಲಿ ದೊಡ್ಡ ಭಾಗ.

ಹಾಗಂತ ಸರ್ವೋ ಯಾರಿಗೂ ಬೇಡ ಅನ್ನುವುದಿಲ್ಲ. ನಿಯಮದಲ್ಲಿ ನಾಲ್ಕೇ ಕಾಲು ಅಂತ ಇದ್ದರೆ, ಮೆಟ್ಟಿಲು ಹತ್ತಬೇಕಿದ್ದರೆ, ವಿನ್ಯಾಸಕ್ಕೇ ಅಂಕ ಇದ್ದರೆ ಸರ್ವೋ ಕಟ್ಟಿ. ಒಂದು ಪೂರ್ತಿ ಸೆಮಿಸ್ಟರ್ ಕೈಯಲ್ಲಿರಲಿ. ನಾನು ಈಗ ಅಂಥ ತಂಡಕ್ಕೆ ಒಂದು ಷರತ್ತು ಹಾಕಿದ್ದೇನೆ: ಮೊದಲು ಮೂರು ಸರ್ವೋ ಮಾತ್ರ ತರಿಸಿ ಒಂದೇ ಕಾಲು ಕಟ್ಟಬೇಕು. ಅದರಲ್ಲಿ ಒಂದನ್ನು ನನ್ನ ಎದುರು ಕಳಚಿ, ಬೇರೆಯದನ್ನು ಹಾಕಿ, ಕಾಫಿ ಬಿಡುವಿನೊಳಗೆ ಪಾದವನ್ನು ಮೊದಲಿದ್ದ ಗುರುತಿಗೇ ತಂದು ನಿಲ್ಲಿಸಬೇಕು. ಅಷ್ಟು ಮಾಡಿದರೆ ಉಳಿದ ಒಂಬತ್ತಕ್ಕೆ ಆರ್ಡರ್. ಆಗದಿದ್ದರೆ ಪಕ್ಕದ ಬೆಂಚಿನಲ್ಲಿ ರಟ್ಟು, ಪಿನ್ನು ಇಟ್ಟಿರುತ್ತೇನೆ.