ಹ್ಯಾಂಬರ್ಗ್‌ನ ಅಂಗಡಿಯೋ, ಯೊಕೊಹಾಮಾದ ಅಂಗಡಿಯೋ? ಪುಟ್ಟ ರೈಲು ಹುಡುಕಿದ ಲೆಕ್ಕ

ಮಾದರಿ ರೈಲು ಕೊಳ್ಳುವುದಕ್ಕೆ ಜರ್ಮನಿಯ ಹ್ಯಾಂಬರ್ಗ್ ಒಳ್ಳೆಯದೋ, ಜಪಾನಿನ ಯೊಕೊಹಾಮಾ ಒಳ್ಳೆಯದೋ ಅಂದರೆ ನನ್ನ ವೋಟು ಯೊಕೊಹಾಮಾಕ್ಕೆ. ಅದೂ ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗೆ. ಯಾಕೆ ಅಂತ ಹೇಳುವುದಕ್ಕೆ ಮೊದಲು ಹ್ಯಾಂಬರ್ಗ್‌ನಲ್ಲಿ ಕೊಂಡ ಕೆಂಪು ಇಂಜಿನ್ನಿನ ಕಥೆ ಹೇಳಬೇಕು.

ನನ್ನದು ಹಡಗಿನ ಇಂಜಿನ್ ರೂಮಿನ ಕೆಲಸ. ಮನೆ ಕಾರವಾರ. ಬಂದರಿನಲ್ಲಿ ಇಳಿಯಲು ನಾಲ್ಕೈದು ಗಂಟೆ ಬಿಡುವು ಸಿಕ್ಕರೆ ಜೊತೆಯವರು ಚಾಕಲೇಟು, ಸೆಂಟು ಅಂತ ಹೊರಡುತ್ತಾರೆ. ನಾನು ಮಾದರಿ ರೈಲಿನ ಅಂಗಡಿ ಹುಡುಕುತ್ತೇನೆ. ಕೊಂಕಣ ರೈಲ್ವೆ 1998ರ ಜನವರಿಯಲ್ಲಿ ಪೂರ್ತಿ ತೆರೆದಾಗ ನಾನು ಶಾಲೆಯಲ್ಲಿದ್ದೆ. ಶಿರವಾಡದ ಸ್ಟೇಶನ್ನಿಗೆ ಅಪ್ಪನ ಜೊತೆ ಸುಮ್ನೆ ರೈಲು ನೋಡಲು ಹೋಗುತ್ತಿದ್ದೆವು. ಆಗ ಹತ್ತಿದ ಹುಚ್ಚು ಇದು.

ಮೊದಲು ಮುಂಬೈಯಲ್ಲಿ ಒಂದು ಎಚ್‌ಒ ಸೆಟ್, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆಯದ್ದು, ಕೊಂಡಿದ್ದೆ. ಒಂದು ಸುತ್ತು ಹಳಿ, ಒಂದು ಇಂಜಿನ್, ಮೂರು ಗೂಡ್ಸ್ ಬೋಗಿ, ಒಂದು ಕಂಟ್ರೋಲರ್. ಶುರು ಮಾಡುವವರಿಗೆ ಅದು ಸಾಕು. ಆದರೆ ನಮ್ಮಲ್ಲಿ ಹೆಚ್ಚಿನ ಅಂಗಡಿಗಳಲ್ಲಿ ಸೆಟ್ ಸಿಗುತ್ತದೆ, ಬಿಡಿ ಸಾಮಾನು ಸಿಗುವುದಿಲ್ಲ. ಎರಡು ಹೆಚ್ಚಿಗೆ ಹಳಿ ಬೇಕು ಅಂದರೆ ತರಿಸಿಕೊಡುತ್ತೇವೆ ಎನ್ನುತ್ತಾರೆ, ಬೆಲೆ ಕೇಳಿದರೆ ಎದೆ ಧಸಕ್ ಎನ್ನುತ್ತದೆ. ಅವರ ತಪ್ಪೂ ಅಲ್ಲ. ಹೊರಗಿನಿಂದ ಬರುವ ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಪುಟ್ಟ ರೈಲೂ ಆಟಿಕೆಯ ಲೆಕ್ಕದಲ್ಲೇ ಬರುತ್ತದೆ.

ಹಾಗಾಗಿ ಹ್ಯಾಂಬರ್ಗ್ ಅಂದಾಗ ಖುಷಿಯಾಗಿತ್ತು. ಈ ಹವ್ಯಾಸಕ್ಕೆ ಜರ್ಮನಿ ತವರುಮನೆ ಇದ್ದ ಹಾಗೆ. ಹಡಗಿನವರಿಗಾಗಿ ಬಂದರಿನೊಳಗೇ ಡುಕ್‌ಡಾಲ್ಬೆನ್ ಅಂತ ಒಂದು ಕ್ಲಬ್ ಇದೆ, ಅವರ ವ್ಯಾನು ಹಡಗಿನ ಹತ್ತಿರಕ್ಕೇ ಬರುತ್ತದೆ. ಅಲ್ಲಿಂದ ಊರೊಳಗೆ ಹೋದೆ. ಹಳೆಯ ಗೋದಾಮುಗಳ ಬೀದಿಯಲ್ಲಿ ಮಿನಿಯಾಟುರ್ ವುಂಡರ್‌ಲಾಂಡ್ ಅನ್ನುವ ಪುಟ್ಟ ರೈಲುಗಳ ದೊಡ್ಡ ಪ್ರದರ್ಶನ ಇದೆ, 2001ರಲ್ಲಿ ತೆರೆದದ್ದು. ಅದನ್ನು ನೋಡಲು ಒಂದು ದಿನವೂ ಸಾಲದು. ನಾನು ನೋಡಿದ್ದು ಒಂದೂವರೆ ಗಂಟೆ. ಉಳಿದ ಸಮಯವನ್ನು ಒಂದು ಹಳೆಯ ಅಂಗಡಿಗೆ ಇಟ್ಟುಕೊಂಡಿದ್ದೆ.

ಅಂಗಡಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನೆಲದಿಂದ ಸೂರಿನವರೆಗೆ ಡಬ್ಬಿಗಳು. ಗಾಜಿನ ಕಪಾಟಿನಲ್ಲಿ ಒಂದು ಕೆಂಪು ಡೀಸೆಲ್ ಇಂಜಿನ್. ಯಾರೋ ಬಳಸಿದ್ದು, 160 ಯೂರೋ. ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ ಭಾರ. ಎಚ್‌ಒ ಹೌದಾ ಅಂತ ಕೇಳಿದೆ. ಹೌದು ಅಂದರು. ಹಳಿಯ ಅಗಲ 16.5 ಮಿಲಿಮೀಟರ್ ತಾನೇ ಅಂತ ಕೇಳಿದೆ. ಅದಕ್ಕೂ ಹೌದು ಅಂದರು. ಎರಡೂ ನಿಜವೇ. ನಾನು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು.

ಏಪ್ರಿಲ್‌ನಲ್ಲಿ ಸೈನ್ ಆಫ್ ಆಗಿ, ಅಂದರೆ ಹಡಗಿನ ಸರದಿ ಮುಗಿಸಿ, ಮನೆಗೆ ಬಂದೆ. ರಜೆಗೆ ಅಂತ ಶಿರಸಿಯಿಂದ ಅಕ್ಕನ ಮಗ ಬಂದಿದ್ದ. ಶಿರಸಿಗೆ ಇವತ್ತಿಗೂ ರೈಲಿಲ್ಲ, ಅವನು ನಮ್ಮ ಕರಾವಳಿಯ ರೈಲು ಹತ್ತಬೇಕು ಅಂದರೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರಬೇಕು. ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಮುಂಬೈ ಸೆಟ್ಟಿನ ಹಳಿ ಜೋಡಿಸಿದೆವು. ಕೆಂಪು ಇಂಜಿನ್ ಹಳಿಯ ಮೇಲೆ ಸರಿಯಾಗಿ ಕೂತಿತು. ಅವನೇ ಗುಂಡಿ ತಿರುಗಿಸಿದ. ಇಂಜಿನ್ ಅಲುಗಲಿಲ್ಲ. ಕಂಟ್ರೋಲರಿನ ಕೆಂಪು ದೀಪ ಹತ್ತಿತು. ಇಂಜಿನ್ ಎತ್ತಿದರೆ ದೀಪ ಆರುತ್ತದೆ, ಇಟ್ಟರೆ ಹತ್ತುತ್ತದೆ. ಹಳಿ ಒರೆಸಿದೆ, ಚಕ್ರ ಒರೆಸಿದೆ, ವಯರ್ ಬದಲಾಯಿಸಿದೆ. ರಾತ್ರಿ ಹನ್ನೊಂದಾಯಿತು. ‘ಮಾಮ, ಇದು ಹಾಳಾಗಿದ್ದಾ?’ ಅಂತ ಕೇಳಿದ.

ಹಾಳಾಗಿರಲಿಲ್ಲ. ತಿರುಗಿಸಿ ಹೊಟ್ಟೆ ನೋಡಿದಾಗ ಉದ್ದಕ್ಕೆ ಒಂದು ತೆಳು ಲೋಹದ ಪಟ್ಟಿ, ಬೆರಳಿನಿಂದ ಒತ್ತಿದರೆ ಸ್ಪ್ರಿಂಗಿನ ಹಾಗೆ ಒಳಗೆ ಹೋಗುತ್ತದೆ. ಆಗ ಅರ್ಥವಾಯಿತು. ಅದು ಮೂರು ಹಳಿ ಪದ್ಧತಿಯ ಇಂಜಿನ್. ಆ ಪದ್ಧತಿಯಲ್ಲಿ ಎಡ ಬಲದ ಎರಡೂ ಹಳಿ ಸೇರಿ ಕರೆಂಟಿನ ಒಂದು ದಾರಿ. ಇನ್ನೊಂದು ದಾರಿ ಮಧ್ಯದಲ್ಲಿ, ಸ್ಲೀಪರುಗಳ ನಡುವೆ ಸಾಸಿವೆಯಷ್ಟು ಸಣ್ಣ ಮೊಳೆಗಳ ಸಾಲು. ಹೊಟ್ಟೆಯ ಪಟ್ಟಿ ಅವುಗಳ ಮೇಲೆ ಜಾರಿಕೊಂಡು ಹೋಗುತ್ತದೆ. ಎರಡೂ ಹಳಿಯಲ್ಲಿ ಒಂದೇ ಕರೆಂಟು ಇರುವುದರಿಂದ ಎಡ ಚಕ್ರ, ಬಲ ಚಕ್ರವನ್ನು ಬೇರ್ಪಡಿಸುವ ಅಗತ್ಯ ಅಲ್ಲಿಲ್ಲ. ನಮ್ಮ ಮನೆಯ ಸೆಟ್ಟು ಎರಡು ಹಳಿಯದ್ದು: ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಅದರ ಮೇಲೆ ಈ ಇಂಜಿನ್ ಇಡುವುದೂ ಒಂದೇ, ಎರಡು ಹಳಿಗೆ ಅಡ್ಡಲಾಗಿ ಚಮಚ ಇಡುವುದೂ ಒಂದೇ. ಸೀದಾ ಶಾರ್ಟ್.

ಅಳತೆ ಒಂದೇ, ಅಗಲ ಒಂದೇ, ಹೆಸರೂ ಒಂದೇ, ಆದರೂ ಓಡುವುದಿಲ್ಲ. ಇದು ನನಗೆ ಬಹಳ ದಿನ ಬೇಜಾರು ಮಾಡಿತು. ಚಕ್ರ ಬದಲಿಸಿ, ಪಟ್ಟಿ ತೆಗೆದು, ಒಳಗಿನ ವಯರಿಂಗ್ ಬೇರೆ ಮಾಡಿದರೆ ಓಡಿಸಬಹುದು. ಆದರೆ ಆ ಅಳತೆಯ ಚಕ್ರವನ್ನು ಕಾರವಾರದಲ್ಲಿ ಎಲ್ಲಿಂದ ತರೋದು? ನೀವು ಯುರೋಪಿನಲ್ಲಿ ಕೊಳ್ಳುವುದಾದರೆ ಡಬ್ಬಿಯ ಬದಿ ನೋಡಿ. ಅಲೆಯಂಥ ಗೆರೆ ಇದ್ದರೆ ಮೂರು ಹಳಿಯ ಎಸಿ. ಒಂದರ ಕೆಳಗೊಂದು ಎರಡು ಅಡ್ಡಗೆರೆ ಇದ್ದರೆ ಎರಡು ಹಳಿಯ ಡಿಸಿ. ಡಬ್ಬಿ ಇಲ್ಲದಿದ್ದರೆ ಇಂಜಿನ್ ತಿರುಗಿಸಿ ಹೊಟ್ಟೆ ನೋಡಿ. ಅಂಗಡಿಯಲ್ಲಿ ಹಳಿ ಇದ್ದರೆ ಓಡಿಸಿ ತೋರಿಸಿ ಅನ್ನಿ, ಅದು ಎಷ್ಟು ಹಳಿಯದ್ದು ಅಂತಲೂ ನೋಡಿ.

ಇನ್ನೊಂದು ವಿಷಯ: ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ. ಹಡಗು ವಾರ ನೋಡಿಕೊಂಡು ಬಂದರಿಗೆ ಬರುವುದಿಲ್ಲ. ಎರಡನೇ ಸಲ ನಾವು ಸೇರಿದ್ದು ಭಾನುವಾರ ಬೆಳಿಗ್ಗೆ. ಗಾಜಿನಾಚೆಗೆ ನೋಡಿ ವಾಪಸ್ ಬಂದೆ.

ಯೊಕೊಹಾಮಾದಲ್ಲಿ ಇಳಿದದ್ದೂ ಭಾನುವಾರವೇ. ಹೊಮ್ಮೊಕು ಕಂಟೇನರ್ ಬಂದರಿನಿಂದ ಬಸ್ಸು ಹಿಡಿದು ಊರಿಗೆ ಹೋದೆ. ಯೊಕೊಹಾಮಾ ಸ್ಟೇಶನ್ನಿನ ಪಕ್ಕದ ಯೊಡೊಬಾಶಿ ಅನ್ನುವ ದೊಡ್ಡ ಅಂಗಡಿಯಲ್ಲಿ ಪುಟ್ಟ ರೈಲಿಗೇ ಒಂದು ವಿಭಾಗ ಇದೆ, ಎಲ್ಲ ಹೊಸದು, ಬೆಲೆ ಚೀಟಿ ಸ್ಪಷ್ಟ. ಹಳಿ ಕೊಳ್ಳಲು ಅದು ಒಳ್ಳೆಯದು. ನನ್ನ ಮನಸ್ಸು ಗೆದ್ದದ್ದು ಸ್ವಲ್ಪ ದೂರದ ಚಿಕ್ಕ ಅಂಗಡಿ. ಫೋನಿನಲ್ಲಿ ‘ತೆತ್ಸುದೋ ಮೊಕೆಯಿ’ ಅಂತ ಹುಡುಕಿದರೆ ಇಂಥವು ಸಿಗುತ್ತವೆ, ಜರ್ಮನಿಯಲ್ಲಾದರೆ ‘ಮೊಡೆಲ್‌ಬಾನ್’ ಅಂತ ಹುಡುಕಬೇಕು. ಬಳಸಿದ ಮಾಲಿನ ಮೇಲೆ ಏನು ಸರಿ ಇದೆ, ಏನು ಇಲ್ಲ ಅಂತ ಚೀಟಿ ಅಂಟಿಸಿರುತ್ತಾರೆ. ಕನ್ನಡಿ ಒಂದು ಕಳೆದುಹೋಗಿದೆ ಅಂತ ಕೂಡ ಬರೆದಿದ್ದರು! ಭಾಷೆ ಬರದಿದ್ದರೂ ಫೋನಿನಲ್ಲಿ ಓದಬಹುದು. ಕೌಂಟರಿನಲ್ಲಿ ಒಂದು ಮೊಳ ಹಳಿ, ಅದರ ಮೇಲೆ ಮುಂದೆ ಹಿಂದೆ ಓಡಿಸಿ, ದೀಪ ತೋರಿಸಿ, ಆಮೇಲೆ ಡಬ್ಬಿಗೆ ಹಾಕಿಕೊಟ್ಟರು.

ಜಪಾನಿನಲ್ಲಿ ಜಾಸ್ತಿ ಜನ ಕಟ್ಟುವುದು ಎನ್ ಸ್ಕೇಲ್, ಎಚ್‌ಒಗಿಂತ ಚಿಕ್ಕ ಅಳತೆ. ಹಳಿಯ ಅಗಲ 9 ಮಿಲಿಮೀಟರ್, ಎರಡೇ ಹಳಿ, 12 ವೋಲ್ಟ್ ಡಿಸಿ. ಒಂದು ಕಂಪನಿಯ ಇಂಜಿನ್ ಇನ್ನೊಂದು ಕಂಪನಿಯ ಹಳಿಯ ಮೇಲೆ ಓಡುತ್ತದೆ. ನನ್ನಂಥವನಿಗೆ, ಗಂಟೆ ನೋಡಿಕೊಂಡು ಕೊಳ್ಳುವವನಿಗೆ, ಇದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ. ಅಲ್ಲಿನ ಕಾಟೋ ಕಂಪನಿಯ ನೀಲಿ ಸ್ಲೀಪರ್ ಬೋಗಿಗಳನ್ನು ಒಂದೊಂದಕ್ಕೆ ಸಾವಿರ ಯೆನ್ನಿನ ಒಳಗೆ ಕೊಂಡೆ. ನಮ್ಮ ಕರಾವಳಿಯಲ್ಲಿ ಓಡುತ್ತಿದ್ದ ಹಳೆಯ ನೀಲಿ ಬೋಗಿಗಳ ಸಾಲು ದೂರದಿಂದ ಹೀಗೇ ಕಾಣುತ್ತಿತ್ತು. ಆರು ಬೋಗಿ ಬಟ್ಟೆಯ ನಡುವೆ ಸೂಟ್‌ಕೇಸಿನಲ್ಲಿ ಕೂತವು. ನಮ್ಮ ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಯಷ್ಟು ಉದ್ದದ್ದನ್ನು ಎಚ್‌ಒದಲ್ಲಿ ಮಾಡಿದರೆ 27 ಸೆಂಟಿಮೀಟರ್ ಆಗುತ್ತದೆ, ಅಂಥವು ಆರು ಹೊತ್ತು ತರೋದು ಕಷ್ಟ.

ತೊಂದರೆ ಒಂದಿದೆ. ಅಲ್ಲಿನ ಮನೆ ಕರೆಂಟು 100 ವೋಲ್ಟ್. ಅವರ ಕಂಟ್ರೋಲರ್ ತಂದು ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟುಹೋಗುತ್ತದೆ. ನಾನು ತರಲೇ ಇಲ್ಲ. ಮುಂಬೈ ಸೆಟ್ಟಿನ ಕಂಟ್ರೋಲರಿನಲ್ಲೇ ಓಡಿಸುತ್ತಿದ್ದೇನೆ, ಅದೂ 12 ವೋಲ್ಟ್ ಡಿಸಿ ಕೊಡುವಂಥದ್ದು. ವಯರು, ಸ್ವಿಚ್ಚು, ಎಲ್‌ಇಡಿಗೆಲ್ಲ ಬೆಂಗಳೂರಿನ ಎಸ್.ಪಿ. ರೋಡ್ ಸಾಕು.

ಮಳೆಗಾಲದ ವಿಷಯಕ್ಕೆ ಬಂದರೆ, ಯಾವ ದೇಶದ್ದೇ ಆಗಲಿ, ನಿಕಲ್ ಸಿಲ್ವರ್ ಹಳಿ ತೆಗೆದುಕೊಳ್ಳಿ. ನಮ್ಮ ಉಪ್ಪು ಗಾಳಿಗೆ ಹಿತ್ತಾಳೆ ಹಳಿ ಬೇಗ ಕಪ್ಪಾಗುತ್ತದೆ.

ದುಡ್ಡು ಇದ್ದು, ದೊಡ್ಡ ಹಾಲ್ ಇದ್ದು, ಹಬೆ ಇಂಜಿನ್ನಿನ ಭಾರ ಕೈಗೆ ಹಿತ ಅನ್ನುವವರು ಹ್ಯಾಂಬರ್ಗ್‌ಗೇ ಹೋಗಲಿ, ಡಿಸಿ ಅಂತ ಕೇಳಿ ಕೊಳ್ಳಲಿ. ನನಗೆ ಇರುವುದು ಒಂದು ಗೋಡೆ. ಹೊನ್ನಾವರದ ಶರಾವತಿ ಸೇತುವೆ 2 ಕಿಲೋಮೀಟರಿಗೂ ಉದ್ದ. ಎಚ್‌ಒದಲ್ಲಿ ಅದನ್ನು ಪೂರ್ತಿ ಮಾಡಿದರೆ 23 ಮೀಟರ್ ದಾಟುತ್ತದೆ, ಜಪಾನಿನ ಎನ್ ಸ್ಕೇಲಿನ 1:150 ಅಳತೆಯಲ್ಲೂ 13 ಮೀಟರ್ ದಾಟುತ್ತದೆ. ಮಾಮ ಅಳಿಯ ಕೂತು ಮಾತಾಡಿ ಗೋಡೆಗೆ ಹಿಡಿಸುವಷ್ಟು, 2 ಮೀಟರ್, ಮಾಡೋಣ ಅಂತ ತೀರ್ಮಾನಿಸಿದ್ದೇವೆ. ಕಾಟೋದ ನೇರ ಹಳಿ ಒಂದು ತುಂಡು 248 ಮಿಲಿಮೀಟರ್, ಎಂಟು ಬೇಕು. ಏಳು ಇವೆ. ಇನ್ನೊಂದು ತುಂಡು ಮುಂದಿನ ಸಲ ಯೊಕೊಹಾಮಾದಿಂದ ತರಬೇಕು ಅಂತ ಅವನು ನನ್ನ ಡೈರಿಯಲ್ಲಿ ಬರೆದಿಟ್ಟಿದ್ದಾನೆ.