ಬಾಡಿಗೆ ಕಾರು ವಾಪಸ್ ಕೊಟ್ಮೇಲೆ ಬರೋ ಡ್ಯಾಮೇಜ್ ಬಿಲ್: ಆಪ್ ಕಾರು, ಕಪ್ಪು ಬೋರ್ಡ್, ಬಿಳಿ ಬೋರ್ಡ್, ಹಳದಿ ಬೋರ್ಡ್, ನಾಲ್ಕೂ ತಗೊಂಡು ನೋಡಿದ್ದು

ನಮ್ದು ಸ್ವಂತ ಕಾರಿಲ್ಲ. ಬಳ್ಳಾರಿ ಗಾಂಧಿನಗರದಾಗೆ ಮನೆ, ನಾನು ಒಂದು ಜೀನ್ಸ್ ಯೂನಿಟ್ಟಲ್ಲಿ ಅಕೌಂಟ್ಸ್ ನೋಡ್ಕೋತೀನಿ, ನಮ್ಮನೆಯವ್ರು ತೋರಣಗಲ್ಲಿಗೆ ಕಂಪನಿ ಬಸ್ಸಲ್ಲಿ ಹೋಗಿ ಬರ್ತಾರೆ, ದಿನಾ ಕಾರು ಬೇಕಾಗಲ್ಲ, ವರ್ಷಕ್ಕೆ ಐದಾರು ಸಲ ಬೇಕಾಗ್ತೈತೆ ಅಷ್ಟೆ. ಹಂಗಾಗಿ ಎರಡು ವರ್ಷದಾಗೆ ನಾಲ್ಕು ಥರದ ಬಾಡಿಗೆ ಕಾರು ತಗೊಂಡಿದೀವಿ. ಕೇಳೋರೆಲ್ಲ ದಿನಕ್ಕೆ ಎಷ್ಟು, ಕಿಲೋಮೀಟರಿಗೆ ಎಷ್ಟು ಅಂತಾನೇ ಕೇಳ್ತಾರೆ, ವಾಪಸ್ ಕೊಡೋವಾಗ ಯಾರು ನೋಡ್ತಾರೆ, ಗೀರು ಬಿದ್ದಿದ್ರೆ ರೇಟ್ ಯಾರು ಹೇಳ್ತಾರೆ ಅಂತ ಒಬ್ರೂ ಕೇಳಲ್ಲ. ನಂಗೂ ಅದು ಮುಖ್ಯ ಅಂತ ಗೊತ್ತಾಗಿದ್ದು 9,800 ರೂಪಾಯಿ ಕಟ್ ಆದ್ಮೇಲೆ.

ಜಗಳ ಆಗಿದ್ದು ಆಪ್ ಕಾರಲ್ಲಿ, ಅದನ್ನೇ ಮೊದ್ಲು ಹೇಳ್ತೀನಿ. ಚಿಕ್ಕಮ್ಮನ ಮಗಳ ಮದ್ವೆ ಬೆಂಗಳೂರಲ್ಲಿತ್ತು, ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಹೋಗಿ ಬೆಳಿಗ್ಗೆ ಇಳಿದು ಮೂರು ದಿನಕ್ಕೆ ಫೋನಿನ ಆಪಲ್ಲಿ ಸೆಲ್ಫ್ ಡ್ರೈವ್ ಕಾರು, ಅಂದ್ರೆ ನಾವೇ ಓಡಿಸೋದು, ಬುಕ್ ಮಾಡಿದ್ವಿ. ದಿನಕ್ಕೆ 2,400 ಹತ್ರ ಬಿತ್ತು, ಡೆಪಾಸಿಟ್ 10,000. ಕಾರು ಒಂದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ನಿಂತಿತ್ತು, ಕೀ ಕೊಡೋಕೆ ಮನುಷ್ಯ ಇಲ್ಲ, ಫೋನಲ್ಲೇ ಲಾಕ್ ತೆಗಿಯೋದು. ಮುಂದೆ ಹಿಂದೆ ಎಡ ಬಲ ಅಂತ ಆಪ್ ಫೋಟೋ ಕೇಳ್ತು, ಮುಹೂರ್ತಕ್ಕೆ ಟೈಮ್ ಆಗ್ತಿತ್ತು, ಟ್ಯೂಬ್‌ಲೈಟ್ ಬೆಳಕಲ್ಲೇ ನಾನು ಪಟಪಟ ಹೊಡ್ದು ಹಾಕ್ದೆ. ನಮ್ಮನೆಯವ್ರು ಮಾತ್ರ ಯಾಕೋ ಸುತ್ತ ಒಂದು ರೌಂಡ್ ವಿಡಿಯೋ ಮಾಡ್ಕೊಂಡ್ರು. ವಾಪಸ್ ಬಿಡೋವಾಗ ರಾತ್ರಿ, ಟ್ರೇನ್ ಹಿಡೀಬೇಕು, ಮಾವಂಗೆ ಬೇರೆ ಮಂಡಿ ನೋವು, ನಾಲ್ಕು ಫೋಟೋ ಹಾಕಿ ಲಾಕ್ ಮಾಡಿ ಬಂದ್ಬಿಟ್ವಿ.

ಮೂರನೇ ದಿನಕ್ಕೆ ಆಪ್ ಕಂಪನಿಯಿಂದ ಇಮೇಲ್ ಬಂತು. ಮುಂದಿನ ಬಂಪರ್ ಬದಲಿಸೋಕೆ 6,900, ಎಡಗಡೆ ಹಿಂದಿನ ಡೋರ್ ಪೇಂಟಿಂಗಿಗೆ 2,900, ಒಟ್ಟು 9,800 ಡೆಪಾಸಿಟ್ಟಲ್ಲಿ ಹಿಡ್ಕೊಂಡು 200 ರೂಪಾಯಿ ವಾಪಸ್ ಹಾಕಿದ್ರು. ಒಪ್ಪಿಗೆ ಇಲ್ಲ ಅಂದ್ರೆ 48 ಗಂಟೆ ಒಳಗೆ ಹೇಳ್ಬೇಕು, ಇಲ್ದಿದ್ರೆ ಒಪ್ಪಿದೀರಿ ಅಂತ ಲೆಕ್ಕ ಅಂತೆ. ಓದ್ತಾ ಕೈ ನಡುಗಿದ್ವು. ನಮಗೆ ಅದು ಒಂದು ತಿಂಗಳ ಮನೆ ಬಾಡಿಗೆ.

ಮೊದ್ಲು ಫೋನ್ ಮಾಡ್ದೆ, ಅದು ತಪ್ಪಾಯ್ತು. ಫೋನಲ್ಲಿ ಮಾತಾಡಿದ ಹುಡುಗ ಎಷ್ಟು ಒಳ್ಳೆಯವ್ನಾದ್ರೂ ಅವ್ನು ಹೇಳಿದ್ದಕ್ಕೆ ಲೆಕ್ಕ ಇಲ್ಲ, ಎಲ್ಲೂ ಬರ್ದಿರಲ್ಲ, ನಾಳೆ ಫೋನ್ ಮಾಡಿದ್ರೆ ಬೇರೆ ಹುಡುಗ ಎತ್ತಿ ಮತ್ತೆ ಮೊದಲಿಂದ ಹೇಳಿ ಮೇಡಮ್ ಅಂತಾನೆ. ಆಮೇಲೆ ಎಲ್ಲಾ ಮೇಲಲ್ಲೇ. ಮೂರು ಕೇಳ್ದೆ: ನಮಗಿಂತ ಮುಂಚೆ ತಗೊಂಡೋರು ವಾಪಸ್ ಬಿಟ್ಟಾಗಿನ ಫೋಟೋ ಕೊಡಿ, ನೀವು ಡ್ಯಾಮೇಜ್ ನೋಡಿದ ತಾರೀಖು ಟೈಮ್ ಕೊಡಿ, ಗ್ಯಾರೇಜಿನ ಜಿಎಸ್‌ಟಿ ಬಿಲ್ ಕೊಡಿ. ಬಂದಿದ್ದು ಒಂದು ಎಸ್ಟಿಮೇಟ್. ದಿನಾ ಬಿಲ್ ನೋಡೋ ಕೆಲ್ಸ ನಂದು, ಎಸ್ಟಿಮೇಟ್ ಬೇರೆ, ಬಿಲ್ ಬೇರೆ. ಎಸ್ಟಿಮೇಟ್ ಅಂದ್ರೆ ಇಷ್ಟಾಗಬೋದು ಅಂತ, ಬಿಲ್ ಅಂದ್ರೆ ಇಷ್ಟು ಆಗೈತೆ ಅಂತ. ಆಗ್ದೇ ಇರೋ ಖರ್ಚನ್ನ ಡೆಪಾಸಿಟ್ಟಲ್ಲಿ ಹೆಂಗೆ ಹಿಡೀತೀರಿ ಅಂತ ಬರೆದೆ.

ಡೋರಿನ ಗೀರು ನಮ್ ವಿಡಿಯೋದಾಗೆ 19ನೇ ಸೆಕೆಂಡಿಗೆ ಸ್ಪಷ್ಟವಾಗಿ ಕಾಣ್ತಿತ್ತು, ಅದರ ಬಗ್ಗೆ ಅವ್ರು ಎರಡನೇ ಮೇಲಿಗೇ ಸುಮ್ನಾದ್ರು. ಬಂಪರ್ ಕಷ್ಟ ಆಯ್ತು. ಗೀರು ಇದ್ದಿದ್ದು ಬಂಪರಿನ ಕೆಳ ಅಂಚಲ್ಲಿ, ನಮ್ ಫೋಟೋ ವಿಡಿಯೋ ಎಲ್ಲಾ ನಿಂತ್ಕೊಂಡು ತೆಗ್ದಿದ್ದು, ಕೆಳಗಿಂದು ಬಂದೇ ಇಲ್ಲ. ಕಲ್ಯಾಣ ಮಂಟಪದ ರ‍್ಯಾಂಪ್ ಬೇರೆ ಎತ್ತರ ಇತ್ತು, ನಾವೇ ಉಜ್ಜಿದ್ವಾ ಇಲ್ವಾ ಅಂತ ಇವತ್ತಿಗೂ ಆಣೆ ಮಾಡಿ ಹೇಳಕ್ಕಾಗಲ್ಲ, ಮೇಲಲ್ಲೂ ಹಂಗೇ ಬರೆದೆ, ಸುಳ್ಳು ಹೇಳ್ಲಿಲ್ಲ. ಆದ್ರೆ ಚಿಕ್ಕಮ್ಮನ ಮನೆ ಅದೇ ಅಪಾರ್ಟ್‌ಮೆಂಟ್ ಹಿಂದಿನ ಬೀದಿ, ನನ್ ತಮ್ಮ ಒಂದು ವಾರ ಬಿಟ್ಟು ನೋಡಿದ್ರೆ ಅದೇ ನಂಬರಿನ ಕಾರು, ಅದೇ ಗೀರಿನ ಬಂಪರ್, ಬಾಡಿಗೆಗೆ ಹೋಗ್ತಾ ಬರ್ತಾ ಐತೆ. ತಾರೀಖು ಬರೋ ಹಂಗೆ ಫೋಟೋ ಹೊಡ್ದು ಕಳಿಸ್ದ. ಬದಲಿಸೋಕೆ ಅಂತ 6,900 ತಗೊಂಡಿದ್ದು, ಬದಲಿಸಿಲ್ಲ.

ಅವ್ರ ವಾದ ಏನಂದ್ರೆ ಅಗ್ರಿಮೆಂಟಲ್ಲಿ ರೇಟ್ ಕಾರ್ಡ್, ಅಂದ್ರೆ ಯಾವ ಡ್ಯಾಮೇಜಿಗೆ ಎಷ್ಟು ಅನ್ನೋ ಪಟ್ಟಿ ಐತೆ, ನೀವು ಟಿಕ್ ಮಾಡಿದೀರಿ. ಇಲ್ಲಿ ಒಂದು ವಿಷ್ಯ ಎಲ್ರಿಗೂ ಗೊತ್ತಿರ್ಬೇಕು. 1872ರ ಇಂಡಿಯನ್ ಕಾಂಟ್ರಾಕ್ಟ್ ಆಕ್ಟ್ ಸೆಕ್ಷನ್ 74 ಪ್ರಕಾರ ಅಗ್ರಿಮೆಂಟಲ್ಲಿ ಇಂತಿಷ್ಟು ದಂಡ ಅಂತ ಬರ್ದಿದ್ರೂ ಸಿಗೋದು ನ್ಯಾಯವಾದ ಪರಿಹಾರ ಮಾತ್ರ, ಬರ್ದಿರೋ ಮೊತ್ತ ಅದರ ಮೇಲಿನ ಮಿತಿ, ಅಷ್ಟನ್ನೂ ಸುಮ್ನೆ ತಗೊಳ್ಳೋ ಹಕ್ಕಲ್ಲ. ಇದನ್ನ ಬರೆದು, ತಮ್ಮ ತೆಗ್ದ ಫೋಟೋ ಹಾಕಿ, 1915ಕ್ಕೆ ಫೋನ್ ಮಾಡಿ ದೂರು ಕೊಟ್ಟು ಆ ದೂರಿನ ನಂಬರನ್ನೂ ಮೇಲಲ್ಲಿ ಸೇರಿಸ್ದೆ. 1915 ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಿದ್ರು. ಅವ್ರು ತೀರ್ಪು ಕೊಡಲ್ಲ, ಕಂಪನಿಗೆ ದೂರು ದಾಟಿಸಿ ಉತ್ತರ ಕೇಳ್ತಾರೆ, ಅಷ್ಟಕ್ಕೇ ಕೆಲ್ಸ ಆಯ್ತು. ಡೋರಿನ 2,900 ಪೂರ್ತಿ, ಬಂಪರಿಂದು 3,400 ವಾಪಸ್ ಬಂತು, 3,500 ಬಂಪರ್ ಪೇಂಟಿಂಗಿಗೆ ಅಂತ ಇಟ್ಕೊಂಡ್ರು. 41 ದಿನ ಹಿಡೀತು. ಆಗಿಲ್ಲ ಅಂದಿದ್ರೆ ಬಳ್ಳಾರಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋಳಿದ್ದೆ, ಯಾಕಂದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರೋ ಜಿಲ್ಲೆಲೇ ಕೇಸ್ ಹಾಕ್ಬೋದು, ಬೆಂಗಳೂರಿಗೆ ಓಡಾಡೋದು ಬೇಡ, ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ಫೀಸಿಲ್ಲ, ಎರಡು ವರ್ಷದ ಒಳಗೆ ಹಾಕ್ಬೇಕು.

ಇನ್ನೊಂದು, ಬುಕ್ ಮಾಡೋವಾಗ ಡ್ಯಾಮೇಜ್ ಪ್ರೊಟೆಕ್ಷನ್ ಅಂತ ದಿನಕ್ಕೆ ಇಷ್ಟು ಅಂತ ಸೇರಿಸ್ತಾರಲ್ಲ, ನಾವೂ ತಗೊಂಡಿದ್ವಿ. ಆ ಪ್ಲಾನಲ್ಲಿ ಗಾಡಿ ಕೆಳಭಾಗ, ಟೈರು, ರಿಮ್ಮು ಎಲ್ಲಾ ಹೊರಗೆ. ಬಂಪರಿನ ಕೆಳ ಅಂಚು ಕೆಳಭಾಗಕ್ಕೆ ಸೇರ್ತೈತಾ ಅಂತ ಕೇಳಿದ್ದಕ್ಕೆ ಹೌದು ಅಂದ್ರು. ದುಡ್ಡು ಕಟ್ಟೋಕ್ ಮುಂಚೆ ಆ ಲಿಸ್ಟ್ ಓದ್ಕೊಳ್ಳಿ ದಯವಿಟ್ಟು.

ಈಗ ನಮ್ಮೂರಿನ ಕಪ್ಪು ಬೋರ್ಡ್. ಸೆಲ್ಫ್ ಡ್ರೈವಿಗೆ ಅಂತಾನೇ ಪರ್ಮಿಟ್ ಇರೋ ಗಾಡಿಗೆ ಕಪ್ಪು ಪ್ಲೇಟು ಹಳದಿ ಅಕ್ಷರ ಇರ್ತೈತೆ. ಬಸ್ ಸ್ಟ್ಯಾಂಡ್ ಕಡೆ ಒಬ್ರು ಅಣ್ಣ ಕೊಡ್ತಾರೆ, ದಿನಕ್ಕೆ 2,000, ಡೆಪಾಸಿಟ್ 5,000, ಜೊತೆಗೆ ನಮ್ ಸ್ಕೂಟಿ ಅಲ್ಲೇ ಬಿಡ್ಬೇಕು. ಸ್ಕೂಟಿ ಬಿಡೋದು ನಂಗೆ ಇಷ್ಟ ಆಗ್ಲಿಲ್ಲ, ಈಗ್ಲೂ ಇಷ್ಟ ಇಲ್ಲ. ಸಂಡೂರು, ಹೊಸಪೇಟೆ, ಹಂಪಿ, ಆನೆಗುಂದಿ, ಅಂಜನಾದ್ರಿ ಅಂತ ಎರಡು ದಿನ ಸುತ್ತಿದ್ವಿ.

ನಮ್ ಕಡೆ ಕಾರು ತಗೊಳ್ಳೋರಿಗೆ ಒಂದು ಮಾತು, ಧೂಳು. ಅದಿರು ಲಾರಿ ಓಡಾಡೋ ರೋಡಲ್ಲಿ ಹೋಗಿ ಬಂದ ಗಾಡಿ ಮೇಲೆ ಕೆಂಪು ಧೂಳು ಕೂತ್ರೆ ಗೀರು ಯಾವ್ದೂ ಕಾಣಲ್ಲ, ತೊಳೆದ್ಮೇಲೆ ಒಂದೊಂದೇ ಎದ್ದು ಬರ್ತಾವೆ. ತಗೊಳ್ಳೋವಾಗ ಧೂಳು ಗಾಡಿ ತಗೊಂಡು, ಕೊಡೋವಾಗ ಅವ್ರು ತೊಳೆದು ನೋಡಿದ್ರೆ ಹಳೇ ಗೀರೆಲ್ಲ ನಮ್ ಲೆಕ್ಕಕ್ಕೆ. ನಾನು ಅಣ್ಣಂಗೆ ಹೇಳ್ದೆ, ಅಣ್ಣಾ ಒಂದ್ಸಲ ನೀರು ಹಾಕ್ಸಿ ಕೊಡಿ, ನಾನೂ ತೊಳೆಸ್ಕೊಂಡೇ ತಂದು ಕೊಡ್ತೀನಿ ಅಂತ. ಅವ್ರು ಆಯ್ತಕ್ಕ ಅಂದು ಹುಡುಗನ್ನ ಕರ್ದು ತೊಳೆಸಿದ್ರು, ಗೀರಿರೋ ಕಡೆ ಎಲ್ಲಾ ಬೆರಳಿಟ್ಟು ತೋರ್ಸಿ ಬುಕ್ಕಲ್ಲಿ ಬರ್ಕೊಂಡು ಇಬ್ರೂ ಸೈನ್ ಹಾಕಿದ್ವಿ. ಹನ್ನೊಂದು ಗೀರು ಇದ್ವು.

ಸಂಡೂರು ರೋಡಲ್ಲಿ ಮುಂದೆ ಹೋಗ್ತಿದ್ದ ಟಿಪ್ಪರಿಂದ ಕಲ್ಲು ಹಾರಿ ಮುಂದಿನ ಗ್ಲಾಸಿಗೆ ಬಡೀತು, ಜೋಳದ ಕಾಳಿನಷ್ಟು ಚುಕ್ಕೆ. ಅಲ್ಲೇ ಸೈಡಿಗೆ ಹಾಕಿ ಫೋಟೋ ತೆಗ್ದು ಅಣ್ಣಂಗೆ ಕಳಿಸಿ ಫೋನ್ ಮಾಡ್ದೆ. ವಾಪಸ್ ಕೊಡೋವಾಗ ಅಣ್ಣ ಗ್ಲಾಸ್ ಪೂರ್ತಿ ಹಾಕ್ಸಬೇಕಕ್ಕಾ 7,000 ಆಗ್ತೈತೆ ಅಂತ ಶುರು ಮಾಡಿದ್ರು. ಇನ್ಶೂರೆನ್ಸಲ್ಲಿ ಮಾಡ್ಸಿ ಅಣ್ಣಾ, ಗ್ಲಾಸಿಗೆ ಸವಕಳಿ, ಅಂದ್ರೆ ಹಳೇದಾಗಿದೆ ಅಂತ ಕಮ್ಮಿ ಮಾಡೋ ದುಡ್ಡು, ಕಳೆಯಲ್ಲ ಅಂದೆ. ಅದು ನಿಜಾನೇ, ಪ್ಲಾಸ್ಟಿಕ್ಕು ರಬ್ಬರ್ ಟೈರಿಗೆಲ್ಲ 50% ಕಳೀತಾರೆ, ಗ್ಲಾಸಿಗೆ ಏನೂ ಕಳೆಯಲ್ಲ, ಕಡ್ಡಾಯವಾಗಿ ಮಾಲೀಕ ಹಾಕ್ಬೇಕಾದ ಸ್ವಲ್ಪ ದುಡ್ಡು ಬಿಟ್ಟು. ಅದಕ್ಕವ್ರು, ಇಷ್ಟಕ್ಕೆ ಕ್ಲೈಮ್ ಮಾಡಿದ್ರೆ ಕ್ಲೈಮ್ ಮಾಡದ ವರ್ಷಕ್ಕೆ ಪ್ರೀಮಿಯಮ್ಮಲ್ಲಿ ಕಮ್ಮಿ ಮಾಡೋ ಬೋನಸ್ ಹೋಗ್ತೈತಲ್ಲಕ್ಕ ಅಂದ್ರು. ಅವ್ರ ಮಾತಲ್ಲೂ ನ್ಯಾಯ ಇತ್ತು. ಕೊನೆಗೆ ಚುಕ್ಕೆ ತುಂಬ್ಸೋ ಕೆಲ್ಸದೋರನ್ನ ಇಬ್ರೂ ಸೇರಿ ಕೇಳಿ, 1,200ಕ್ಕೆ ಮುಗೀತು. ಇಪ್ಪತ್ತು ನಿಮಿಷ ನಿಂತು ಮಾತಾಡಿದ್ವಿ, ಚಾ ಕುಡಿಸಿದ್ರು, ಉಳಿದ ಡೆಪಾಸಿಟ್ಟೂ ಸ್ಕೂಟಿನೂ ತಗೊಂಡು ಮನೆಗೆ ಬಂದ್ವಿ. 41 ದಿನ ಎಲ್ಲಿ, ಇಪ್ಪತ್ತು ನಿಮಿಷ ಎಲ್ಲಿ.

ಆದ್ರೂ ಅವ್ರ ಕಾಗದದಲ್ಲಿ ಒಂದು ಸಾಲು ಐತೆ, ಗಾಡಿ ಗ್ಯಾರೇಜಲ್ಲಿ ಎಷ್ಟು ದಿನ ನಿಲ್ತೈತೋ ಅಷ್ಟು ದಿನದ ಬಾಡಿಗೆ ಗಿರಾಕಿ ಕೊಡ್ಬೇಕು ಅಂತ. ದೊಡ್ಡ ಆಕ್ಸಿಡೆಂಟ್ ಆಗಿ ಪಾರ್ಟ್ ಬರೋಕೆ ಹದಿನೈದು ದಿನ ಆದ್ರೆ 30,000 ಅಲ್ಲಿಗೇ ಆಯ್ತು. ನಾನು ಎರಡನೇ ಸಲ ತಗೊಳ್ಳೋವಾಗ ಅದನ್ನ ಹೊಡ್ದು ಹಾಕ್ಸಿ ಹೆಚ್ಚಂದ್ರೆ ಮೂರು ದಿನ ಅಂತ ಕೈಯಲ್ಲಿ ಬರೆಸ್ಕೊಂಡೆ. ಆಪಲ್ಲಿ ಹಂಗೆ ಬರೆಸ್ಕೊಳ್ಳೋಕೆ ಜಾಗಾನೇ ಇಲ್ಲ.

ಬಿಳಿ ಬೋರ್ಡ್ ಬಗ್ಗೆ ಜಾಸ್ತಿ ಹೇಳಲ್ಲ. ಪರಿಚಯದೋರ ಮನೆ ಕಾರು, ದಿನಕ್ಕೆ 1,300, ಡೆಪಾಸಿಟ್ ಇಲ್ಲ, ಕಾಗದ ಇಲ್ಲ. ಕೊಪ್ಪಳಕ್ಕೆ ಹೋಗಿ ಬರೋಷ್ಟರಲ್ಲಿ ಪಾರ್ಕಿಂಗಲ್ಲಿ ಯಾರೋ ಸೈಡ್ ಮಿರರ್ ಮುರಿದು ಹೋಗಿದ್ರು, ನಾವು ಕೇಳ್ದಷ್ಟು ಕೊಟ್ವಿ, ಆದ್ರೂ ಅವ್ರ ಮನಸ್ಸಿಗೆ ಸಮಾಧಾನ ಆಗ್ಲಿಲ್ಲ, ಈಗ ಎದ್ರು ಸಿಕ್ಕಿದ್ರೂ ಮೊದಲಿನ ಮಾತಿಲ್ಲ. ಅದಕ್ಕಿಂತ ಹೆದ್ರಿಕೆ ಆಗಿದ್ದು ಆಮೇಲೆ ತಿಳ್ಕೊಂಡಾಗ. ಸ್ವಂತಕ್ಕೆ ಅಂತ ರಿಜಿಸ್ಟರ್ ಆದ ಗಾಡಿನ ಬಾಡಿಗೆಗೆ ಓಡಿಸೋ ಹಂಗಿಲ್ಲ, ಪಾಲಿಸಿಲೂ ಬಾಡಿಗೆಗೆ ಬಳಸಿದ್ರೆ ಕವರ್ ಇಲ್ಲ ಅಂತ ಇರ್ತೈತೆ, ಅಂದ್ರೆ ಗಾಡಿ ಡ್ಯಾಮೇಜಿಗೆ ಇನ್ಶೂರೆನ್ಸ್‌ನೋರು ಆಗಲ್ಲ ಅಂದ್ಬಿಡ್ಬೋದು. ಹಿಂದಿನ ಸೀಟಲ್ಲಿ ನನ್ ಮಗಳು ಕೂತಿದ್ಲು. ಮತ್ತೆ ತಗೊಂಡಿಲ್ಲ.

ಹಳದಿ ಬೋರ್ಡ್ ಅಂದ್ರೆ ಡ್ರೈವರ್ ಸಮೇತ. ಮಂತ್ರಾಲಯಕ್ಕೆ ಹೋಗಿದ್ವಿ, ಅತ್ತೆ ಮಾವ ಮಗಳು ಎಲ್ರೂ. ಕಿಲೋಮೀಟರಿಗೆ 13, ದಿನಕ್ಕೆ ಕಮ್ಮಿ ಅಂದ್ರೂ 250 ಕಿಲೋಮೀಟರ್ ಲೆಕ್ಕ, ಡ್ರೈವರ್ ಬಾಟಾ 400, ಟೋಲ್ ನಮ್ದು, ಎಲ್ಲಾ ಸೇರಿ 4,000 ಹತ್ರ ಹೋಯ್ತು. ಸಿರುಗುಪ್ಪದಾಗೆ ಭತ್ತದ ಲೋಡಿನ ಟ್ರ್ಯಾಕ್ಟರ್ ಟ್ರೇಲರ್ ಹಿಂದಿನ ಡೋರಿಗೆ ಉಜ್ಕೊಂಡು ಹೋಯ್ತು, ಒಂದು ಗೇಣುದ್ದ ಗೀರು. ನಾನು ಅಭ್ಯಾಸದಲ್ಲಿ ಫೋನ್ ತೆಗ್ದೆ, ಡ್ರೈವರ್ ಅಣ್ಣ ಬಿಡ್ರಿ ಅಕ್ಕಾರ ಅದು ನಮ್ದು ಓನರಿಂದು, ನೀವು ಆರಾಮಿರ್ರಿ ಅಂದ್ರು. ಡೆಪಾಸಿಟ್ಟೇ ಇಲ್ಲ, ಹಿಡಿಯೋಕೆ ಏನೂ ಇಲ್ಲ. ಆಂಧ್ರ ಪರ್ಮಿಟ್ ಐತಾ, ಅದರ ಖರ್ಚು ಯಾರದು ಅಂತ ಹೊರಡೋ ಮುಂಚೆ ಕೇಳ್ಕೊಂಡ್ರೆ ಸಾಕು.

ದುಡ್ಡಿನ ಲೆಕ್ಕದಲ್ಲಿ ನೋಡಿದ್ರೆ, ಆಪ್ ಕಾರು ದಿನಕ್ಕೆ 2,400 ಅಂತ ತಗೊಂಡಿದ್ದು 3,500 ಸೇರಿ ದಿನಕ್ಕೆ 3,567 ಹತ್ರ ಆಯ್ತು, ಪೆಟ್ರೋಲ್ ಬೇರೆ. ಕಪ್ಪು ಬೋರ್ಡ್ ಎರಡು ದಿನಕ್ಕೆ 1,200 ಸೇರಿ ದಿನಕ್ಕೆ 2,600. ಹಳದಿ 4,000, ಅದ್ರಲ್ಲೇ ಡೀಸೆಲ್ಲೂ ಬಂತು. ಒಂದೇ ದಿನದ ಪ್ರಯಾಣ, ವಯಸ್ಸಾದೋರು ಜೊತೆಗಿದ್ರೆ ನಂದು ಹಳದಿ ಬೋರ್ಡೇ. ಎರಡು ಮೂರು ದಿನ ನಮ್ಮಷ್ಟಕ್ಕೆ ಸುತ್ತಬೇಕಂದ್ರೆ ಊರಿನ ಕಪ್ಪು ಬೋರ್ಡ್. ಆಪ್ ಕಾರು ಬೇರೆ ಊರಲ್ಲಿ ಬೇರೆ ದಾರಿ ಇಲ್ದಾಗ ಮಾತ್ರ, ಅದೂ ಹಗಲಲ್ಲಿ ತಗೊಂಡು ಹಗಲಲ್ಲೇ ಬಿಡೋ ಹಂಗಿದ್ರೆ.

ತಗೊಂಡ್ರೆ ಹಿಂಗೆ ಮಾಡಿ. ಗಾಡಿನ ಬೇಸ್‌ಮೆಂಟಿಂದ ಬಿಸಿಲಿಗೆ ತಂದು ನಿಲ್ಸಿ, ನಂಬರ್ ಪ್ಲೇಟಿಂದ ಶುರು ಮಾಡಿ ಮತ್ತೆ ನಂಬರ್ ಪ್ಲೇಟಿಗೇ ಬಂದು ನಿಲ್ಲೋ ಹಂಗೆ ಒಂದೇ ವಿಡಿಯೋ, ಮಧ್ಯೆ ಕಟ್ ಮಾಡ್ಬೇಡಿ. ಬಂಪರ್ ಹತ್ರ ಕುಕ್ಕರಗಾಲಲ್ಲಿ ಕೂತು ಕೆಳ ಅಂಚು ತೆಗೀರಿ, ನಾಲ್ಕು ರಿಮ್ಮು, ಮುಂದಿನ ಗ್ಲಾಸು, ಮೀಟರಲ್ಲಿ ಕಿಲೋಮೀಟರ್ ಮತ್ತು ಪೆಟ್ರೋಲ್ ಕಡ್ಡಿ. ತಕ್ಷಣ ಅವ್ರಿಗೇ ಮೇಲೋ ವಾಟ್ಸಾಪೋ ಕಳಿಸ್ಬಿಡಿ, ಆವಾಗ ತಾರೀಖು ಟೈಮ್ ಬಗ್ಗೆ ಮಾತು ಬರಲ್ಲ. ವಾಪಸ್ ಬಿಡೋವಾಗ್ಲೂ ಅಷ್ಟೇ ಉದ್ದದ ವಿಡಿಯೋ. ನಂಗೀಗ ಎರಡೂ ಸೇರಿ ಆರು ನಿಮಿಷ ಹಿಡೀತೈತೆ.

ಬರೋ ತಿಂಗಳು ಮಾವನ ಮಂಡಿ ತೋರ್ಸೋಕೆ ಹುಬ್ಬಳ್ಳಿಗೆ ಹೋಗೋದೈತೆ, ಅದೇ ಮಂತ್ರಾಲಯದ ಡ್ರೈವರ್ ಅಣ್ಣಂಗೇ ಹೇಳಿದೀನಿ. ಆ ಡೋರಿನ ಗೀರಿಗೆ ಓನರ್ ಇನ್ನೂ ಪೇಂಟ್ ಹೊಡೆಸಿಲ್ಲಂತೆ.